ಒಂಬತ್ತನೇ ಕಾಲಂ

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ವರ್ಕ್ ಫ್ರಂ ಹೋಮ್ ಇನ್ನೂ ನಡೀತಿದ್ದ ಕಾಲ. ಊರ ಮನೆ ಜಗಲಿ ಮೇಲೆ, ಸಿಗ್ನಲ್ ಸಿಗೋ ಒಂದೇ ಒಂದು ಕಂಬದ ಪಕ್ಕ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಿದ್ದೆ. ಎಡಗಡೆ ಆಫೀಸಿನ ಕೋಡು. ಬಲಗಡೆ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಅಪ್ಪನ ಮರಣ ಪ್ರಮಾಣ ಪತ್ರ, ಎಲ್ಲರ ಆಧಾರ್ ಜೆರಾಕ್ಸು, ನಾಲ್ಕು ಸರ್ವೆ ನಂಬರಿನ ಪಹಣಿ. ಎಲ್ಲ ಸೇರಿದ್ರೆ ಮೂರು ಎಕರೆ ಹನ್ನೆರಡು ಗುಂಟೆ.

ಪೌತಿ ಖಾತೆ ಮಾಡಿಸೋ ಕೆಲಸ ನನ್ನ ತಲೆಗೆ ಬಿದ್ದಿತ್ತು. "ನೀನು ಇಂಜಿನಿಯರ್ರು, ಕಂಪ್ಯೂಟರ್ರು ಎಲ್ಲ ಗೊತ್ತಿರೋನು, ಈ ಕಾಗದ ಪತ್ರ ನೀನೇ ನೋಡ್ಕೋ" ಅಂದಿದ್ದ ಅಣ್ಣ.

ಸಿಟಿಯಲ್ಲೇ ಹುಟ್ಟಿ ಬೆಳೆದ ಗೆಳೆಯರಿಗೆ ಒಂದು ಮಾತು. ಜಮೀನಿನ ಒಡೆಯ ಸತ್ತಾಗ ಅವನ ಹೆಸರಿನ ಜಾಗಕ್ಕೆ ವಾರಸುದಾರರ ಹೆಸರು ಬರಬೇಕಲ್ಲ, ಅದೇ ಪೌತಿ ಖಾತೆ. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು ಇರುತ್ತೆ. 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನೋದು. 11ರಲ್ಲಿ ಸಾಲ ಮತ್ತೆ ಬೇರೆ ಹಕ್ಕುಗಳು. 2000ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂದು, ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿ ಕೊಟ್ಟು ಪ್ರಿಂಟ್ ಆದ ಪಹಣಿಯನ್ನ ಮೊದಲನೇ ಸಲ ತಂದ ದಿನ ಅಪ್ಪ ಅದನ್ನ ಮಡಿಚದೆ, ನನ್ನ ನೋಟ್‌ಬುಕ್ಕಿನ ಮಧ್ಯ ಇಟ್ಕೊಂಡು ಬಂದಿದ್ರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ನಾನು ನೋಡಿದ ಮೊದಲನೇ ಡೇಟಾಬೇಸ್ ಔಟ್‌ಪುಟ್ ಅದೇ ಇರಬೇಕು.

ಇನ್ನು ಎಡಗಡೆಯ ಕೋಡಿನ ವಿಷಯ. ನಮ್ಮ ಕಂಪನಿ ಹೆಲ್ತ್ ಇನ್ಶೂರೆನ್ಸಿಗೆ ಸಾಫ್ಟ್‌ವೇರ್ ಮಾಡುತ್ತೆ. ಬರೆಯೋದು ಸ್ಕಾಲಾ ಭಾಷೆಯಲ್ಲಿ, ಫಂಕ್ಷನಲ್ ಶೈಲಿಯಲ್ಲಿ. ಈ ಶೈಲಿಯ ಮೊದಲನೇ ಪಾಠ ಅಂದ್ರೆ ಇರೋ ಡೇಟಾವನ್ನ ಮುಟ್ಟೋ ಹಾಗಿಲ್ಲ. ಬದಲಾಯಿಸಬೇಕು ಅಂದ್ರೆ ಬದಲಾವಣೆ ಆಗಿರೋ ಹೊಸದೊಂದು ಮಾಡ್ಕೋಬೇಕು. ಹಳೇದು ಹಾಗೇ ಇರುತ್ತೆ. ಬಿಇ ಮಾಡೋವಾಗ ಸಿ, ಜಾವಾ ಕಲಿತು ಬಂದ ನನಗೆ ಇದು ದುಂದುಗಾರಿಕೆ ಅನ್ನಿಸಿತ್ತು. ಒಂದು ಪಿನ್ ಕೋಡ್ ಬದಲಾಯಿಸೋಕೆ ಇಡೀ ಪಾಲಿಸಿಯನ್ನೇ ಹೊಸದಾಗಿ ಕಟ್ಟೋದಾ ಅಂತ. ಆಮೇಲೆ ಗೊತ್ತಾಯ್ತು, ಇಡೀದನ್ನ ಕಟ್ಟಲ್ಲ. ಮೇಲಿನಿಂದ ಆ ಪಿನ್ ಕೋಡಿನ ತನಕ ಹೋಗೋ ದಾರಿಯಲ್ಲಿ ಸಿಗೋ ತುಂಡುಗಳು ಮಾತ್ರ ಹೊಸವು. ಮಿಕ್ಕಿದ್ದನ್ನೆಲ್ಲ ಹಳೇದೂ ಹೊಸದೂ ಹಂಚಿಕೊಂಡಿರುತ್ವೆ.

ನಿಜ ಹೇಳ್ಬೇಕಂದ್ರೆ ಕಂದಾಯ ಇಲಾಖೆಯವರಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. ಖಾತೆ ಬದಲಾದಾಗ ಹಳೇ ಹೆಸರನ್ನ ಉಜ್ಜಿ ಹಾಕಲ್ಲ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಒಂದು ಹೊಸ ನಮೂದು ಬರುತ್ತೆ, ಅದಕ್ಕೊಂದು ಎಂ.ಆರ್. ನಂಬರು. ಹೊಸ ಪಹಣಿ ಆ ನಂಬರನ್ನ ಹೇಳುತ್ತೆ. ಯಾವಾಗ ಬೇಕಾದ್ರೂ ಹಿಂದಕ್ಕೆ ನಡ್ಕೊಂಡು ಹೋಗಿ ತಾತನ ಹೆಸರು ನೋಡಬಹುದು.

ಆದ್ರೆ ಈ ಶೈಲಿಯಲ್ಲಿ ಒಂದು ತಲೆನೋವಿದೆ. ಪಾಲಿಸಿ ಒಳಗೆ ಸದಸ್ಯ, ಸದಸ್ಯನ ಒಳಗೆ ವಿಳಾಸ, ವಿಳಾಸದ ಒಳಗೆ ಪಿನ್ ಕೋಡು. ಅದೊಂದನ್ನ ಬದಲಾಯಿಸೋಕೆ 'ಪಾಲಿಸಿಯ ನಕಲು ತೆಗಿ, ಅದರೊಳಗೆ ಸದಸ್ಯನ ನಕಲು, ಅದರೊಳಗೆ ವಿಳಾಸದ ನಕಲು' ಅಂತ ಬರೀತಾ ಹೋದ್ರೆ ಕೋಡು ಮೆಟ್ಟಿಲು ಮೆಟ್ಟಿಲಾಗಿ ಪರದೆಯ ಬಲಕ್ಕೆ ಜಾರ್ತಾ ಹೋಗುತ್ತೆ. ಇದಕ್ಕೆ ಸಿಕ್ಕ ಮದ್ದು ಲೆನ್ಸು.

ಲೆನ್ಸ್ ಅಂದ್ರೆ ಎರಡು ಕೆಲಸದ ಒಂದು ಜೋಡಿ. ದೊಡ್ಡದರ ಒಳಗಿಂದ ಒಂದು ಭಾಗವನ್ನ ತೆಗೆದು ತೋರಿಸೋದು ಒಂದು. ಆ ಭಾಗಕ್ಕೆ ಹೊಸದು ಹಾಕಿ ದೊಡ್ಡದನ್ನ ಮತ್ತೆ ಕಟ್ಟಿ ಕೊಡೋದು ಇನ್ನೊಂದು. ಇದರ ಚಂದ ಇರೋದು ಜೋಡಣೆಯಲ್ಲಿ. ಸದಸ್ಯನ ಲೆನ್ಸಿಗೆ ವಿಳಾಸದ ಲೆನ್ಸು, ಅದಕ್ಕೆ ಪಿನ್ ಕೋಡಿನ ಲೆನ್ಸು ಪೋಣಿಸಿದ್ರೆ ಮೇಲಿಂದ ಕೆಳಗಿನ ತನಕ ಒಂದೇ ಲೆನ್ಸು ಆಗುತ್ತೆ. ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಅಪ್ಪ ತೋಟಕ್ಕೆ ನೀರು ಹಾಯಿಸೋಕೆ ಹೋಗೋರು. ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ, ಅಲ್ಲಿಂದ ಪಾತಿಗೆ, ಒಂದೊಂದು ತಿರುವಿನಲ್ಲಿ ಸನಿಕೆಯಿಂದ ಮಣ್ಣು ಎಳೆದು ದಾರಿ ಮಾಡೋರು. ತಿರುವುಗಳನ್ನ ಸರಿಯಾಗಿ ಕಟ್ಟಿದ್ರೆ ಸಾಕು, ಆ ತೆಂಗಿನ ಬುಡಕ್ಕೇ ನೀರು ಹೋಗುತ್ತೆ, ಪಕ್ಕದ ಪಾತಿ ನೆನೆಯಲ್ಲ. ಲೆನ್ಸು ಹೆಚ್ಚುಕಮ್ಮಿ ಹಾಗೆ.

ಲೆನ್ಸುಗಳ ಬಗ್ಗೆ ಮೊದಲು ಹೆಸರಾದ ಬರಹ 2005ರದ್ದು. ನೇಥನ್ ಫಾಸ್ಟರ್, ಬೆಂಜಮಿನ್ ಪಿಯರ್ಸ್ ಮತ್ತು ಜೊತೆಗಾರರು ಮಂಡಿಸಿದ ಪ್ರಬಂಧ. ಅವರ ತಲೆಯಲ್ಲಿದ್ದಿದ್ದು ಡೇಟಾಬೇಸಿನ ಹಳೇ ಸಮಸ್ಯೆ: ಮೂಲದಿಂದ ತೆಗೆದ ಒಂದು ನೋಟ ಇದೆ, ಆ ನೋಟವನ್ನ ಯಾರೋ ತಿದ್ದಿದ್ರು, ಆ ತಿದ್ದುಪಡಿ ಮೂಲಕ್ಕೆ ಸರಿಯಾಗಿ ವಾಪಸ್ ಹೋಗೋದು ಹೇಗೆ? 2009ರಲ್ಲಿ ಟ್ವಾನ್ ವ್ಯಾನ್ ಲಾರ್‌ಹೋವನ್ ಅನ್ನೋರು ತೆಗೆಯೋದು, ಹಾಕೋದು ಎರಡನ್ನೂ ಒಂದೇ ಫಂಕ್ಷನ್ನಿನಲ್ಲಿ ಹಿಡಿದಿಡೋ ದಾರಿ ತೋರಿಸಿದ್ರು. 2012ರಲ್ಲಿ ಎಡ್ವರ್ಡ್ ಕ್ಮೆಟ್ ಹ್ಯಾಸ್ಕೆಲ್ ಭಾಷೆಗೆ ಲೆನ್ಸ್ ಅನ್ನೋ ಲೈಬ್ರರಿ ಕೊಟ್ಟರು. ಸ್ಕಾಲಾದವರು ಮಾಡಿಕೊಂಡ ಲೈಬ್ರರಿಯ ಹೆಸರು ಮೊನೊಕಲ್, ಅಂದ್ರೆ ಒಂಟಿಗಣ್ಣಿನ ಕನ್ನಡಕ.

ಎಲ್ಲ ಲೆನ್ಸೂ ಒಳ್ಳೇ ಲೆನ್ಸಲ್ಲ. ಮೂರು ಕಟ್ಟಳೆ ಪಾಲಿಸಬೇಕು. ಏನು ಹಾಕಿದ್ಯೋ, ತೆಗೆದಾಗ ಅದೇ ಬರಬೇಕು. ತೆಗೆದಿದ್ದನ್ನೇ ವಾಪಸ್ ಹಾಕಿದ್ರೆ ಏನೂ ಬದಲಾಗಿರಬಾರದು. ಎರಡು ಸಲ ಹಾಕಿದ್ರೆ ಕೊನೆಯದು ಮಾತ್ರ ನಿಲ್ಲಬೇಕು. ಓದಿದಾಗ 'ಇದೇನು, ಗೊತ್ತಿರೋದೇ ಅಲ್ವಾ' ಅನ್ಸುತ್ತೆ. ನನಗೂ ಹಾಗೇ ಅನ್ನಿಸಿತ್ತು.

ಲೆನ್ಸು ಒಂದು ಜಾಗಕ್ಕೆ. ಒಂದೇ ಸಲ ಹಲವು ಜಾಗ ಬದಲಾಯಿಸಬೇಕು ಅಂದ್ರೆ ಅದಕ್ಕೆ ಟ್ರಾವರ್ಸಲ್ ಅಂತ ಇದೆ. ಒಂದು ಪಾತಿಗಲ್ಲ, ಸಾಲಿನಲ್ಲಿರೋ ಎಲ್ಲ ಪಾತಿಗೂ ನೀರು. ಇದಕ್ಕೂ ಒಂದು ಕಟ್ಟಳೆ ಇದೆ: ಒಂದರ ಹಿಂದೆ ಒಂದು ಎರಡು ಬದಲಾವಣೆ ಮಾಡಿದರೂ, ಎರಡನ್ನೂ ಸೇರಿಸಿ ಒಂದೇ ಸಲ ಮಾಡಿದರೂ ಫಲ ಒಂದೇ ಇರಬೇಕು.

ನನ್ನ ಕೆಲಸ ಸರಳವಾಗಿತ್ತು. ಪಾಲಿಸಿದಾರ ಮನೆ ಬದಲಾಯಿಸಿದ್ರೆ ಅವನ ಜೊತೆ ಇರೋ ಎಲ್ಲರ ವಿಳಾಸವೂ ಬದಲಾಗಬೇಕು. ಬೇರೆ ಊರಲ್ಲಿ ಓದೋ ಮಗನದ್ದು ಬದಲಾಗಬಾರದು. ಜೊತೆ ಇರೋರು ಯಾರು ಅಂತ ಹೇಗೆ ಗೊತ್ತು ಮಾಡೋದು? ಪಾಲಿಸಿದಾರನ ಹಳೇ ಪಿನ್ ಕೋಡೇ ಯಾರಿಗಿದೆಯೋ ಅವರು ಜೊತೆ ಇರೋರು ಅಂತ ತೀರ್ಮಾನಿಸಿದೆ. ಎರಡೇ ಸಾಲು. ಮೊದಲನೇ ಸಾಲು, ಹಳೇ ಪಿನ್ ಕೋಡ್ ಇರೋರನ್ನೆಲ್ಲ ಆರಿಸು, ಹೊಸ ಪಿನ್ ಕೋಡ್ ಹಾಕು. ಎರಡನೇ ಸಾಲು, ಹಳೇ ಪಿನ್ ಕೋಡ್ ಇರೋರನ್ನೆಲ್ಲ ಆರಿಸು, ಹೊಸ ಬೀದಿ ಮತ್ತೆ ಊರು ಹಾಕು.

ನಿಮಗೆ ಈಗಲೇ ಕಂಡಿರಬಹುದು. ನನಗೆ ಕಾಣಲಿಲ್ಲ. ರಿವ್ಯೂ ಮಾಡಿದ ಇಬ್ಬರಿಗೂ ಕಾಣಲಿಲ್ಲ. ಒಂದೊಂದು ಸಾಲನ್ನೂ ಬೇರೆ ಬೇರೆ ಪರೀಕ್ಷೆ ಮಾಡಿದ್ದೆ, ಎರಡೂ ಪಾಸು.

ಒಂದು ವಾರದ ಮೇಲೆ ಬೆಳಗ್ಗೆ ಹತ್ತು ಗಂಟೆಗೆ ಲೀಡ್ ಫೋನ್ ಮಾಡಿದ್ರು. ಮೈಸೂರಿಂದ ಹುಬ್ಬಳ್ಳಿಗೆ ಹೋದ ಒಂದು ಕುಟುಂಬದ ಕಾರ್ಡುಗಳು ತಲುಪಿಲ್ಲ. ನೋಡಿದ್ರೆ ಪಿನ್ ಕೋಡು 580020, ಹುಬ್ಬಳ್ಳಿಯದ್ದು. ಬೀದಿ, ಊರು ಮಾತ್ರ ಮೈಸೂರಿಂದೇ. ಒಂದಲ್ಲ, ಅಂಥವು ಇನ್ನೂ ಇದ್ದವು. ಅದರಲ್ಲಿ ಒಂದು ಮನೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಕಾರ್ಡ್ ಕೈಯಲ್ಲಿಲ್ಲ. ಅದನ್ನ ಕೇಳಿದ ಮೇಲೆ ಕಾಫಿ ಗಂಟಲಲ್ಲಿ ಇಳೀಲಿಲ್ಲ.

ಆಗಿದ್ದು ಇಷ್ಟೇ. ಮೊದಲನೇ ಸಾಲು ಓಡಿದ ತಕ್ಷಣ ಎಲ್ಲರ ಪಿನ್ ಕೋಡೂ ಬದಲಾಯ್ತು. ಎರಡನೇ ಸಾಲು ಬಂದು ಹಳೇ ಪಿನ್ ಕೋಡ್ ಇರೋರು ಯಾರಪ್ಪಾ ಅಂತ ನೋಡ್ತು. ಯಾರೂ ಇಲ್ಲ. ಯಾರೂ ಇಲ್ಲದಿದ್ರೆ ಟ್ರಾವರ್ಸಲ್ ಬೊಬ್ಬೆ ಹೊಡೆಯಲ್ಲ, ಸುಮ್ಮನೆ ಏನೂ ಮಾಡದೆ ಮುಗಿಸುತ್ತೆ. ಯಾವುದನ್ನ ನೋಡಿ ಆರಿಸಿದ್ನೋ ಅದನ್ನೇ ನಾನು ಬದಲಾಯಿಸಿಬಿಟ್ಟಿದ್ದೆ. ಎರಡು ಸಲ ಮಾಡಿದ್ದಕ್ಕೂ ಒಂದೇ ಸಲ ಮಾಡಿದ್ದಕ್ಕೂ ಫಲ ಬೇರೆ ಬೇರೆ. ಕಟ್ಟಳೆ ಮುರಿದಿತ್ತು.

ಲೈಬ್ರರಿ ಬರೆದವರು ಇದನ್ನ ಹೇಳದೇ ಏನೂ ಇರಲಿಲ್ಲ. ಹ್ಯಾಸ್ಕೆಲ್ ಲೈಬ್ರರಿಯಲ್ಲಿ ಈ ಥರ ಗುಣ ನೋಡಿ ಸೋಸೋ ಸಲಕರಣೆಯ ಪಕ್ಕದಲ್ಲೇ, ಆರಿಸಿದ ಷರತ್ತೇ ಸುಳ್ಳಾಗೋ ಹಾಗೆ ಬದಲಾಯಿಸಿದ್ರೆ ಇದು ಸರಿಯಾದ ಟ್ರಾವರ್ಸಲ್ ಆಗಿ ಉಳಿಯಲ್ಲ ಅನ್ನೋ ಎಚ್ಚರಿಕೆ ಇದೆ. ಮೊನೊಕಲ್‌ನಲ್ಲಂತೂ ಇಂಥದ್ದನ್ನ 'ಅನ್‌ಸೇಫ್' ಅನ್ನೋ ಹೆಸರಿನ ಪ್ಯಾಕೇಜಿನಲ್ಲೇ ಇಟ್ಟಿದ್ದಾರೆ. ಆ ಪದ ಕೋಡಿನಲ್ಲಿ ಕಣ್ಣಿಗೆ ಚುಚ್ಚುತ್ತೆ ಅಂತ ನಾನೇ ಅದರ ಸುತ್ತ ಒಂದು ಸಣ್ಣ ಫಂಕ್ಷನ್ ಬರೆದು, ಅದಕ್ಕೆ ಚಂದದ ಹೆಸರಿಟ್ಟಿದ್ದೆ. 'ಹೌಸ್‌ಹೋಲ್ಡ್'. ಮನೆಯವರು.

ಆ ಹೆಸರನ್ನ ನೋಡ್ತಾ ಜಗಲಿ ಮೇಲೆ ಸುಮಾರು ಹೊತ್ತು ಕೂತಿದ್ದೆ. ಯಾಕಂದ್ರೆ ಬಲಗಡೆಯ ಕವರಿನಲ್ಲಿ ಒಂದು ವಾರದಿಂದ ನಾನು ಮುಟ್ಟದೇ ಬಿಟ್ಟ ಒಂದು ಕಾಗದ ಇತ್ತು.

ಪೌತಿ ಖಾತೆಗೆ ವಂಶವೃಕ್ಷ ಬೇಕು. ಅಪ್ಪ, ಅಪ್ಪನ ಕೆಳಗೆ ಅವ್ವ, ಅಕ್ಕ, ಅಣ್ಣ, ನಾನು. ನಾಲ್ಕು ಹೆಸರು. ಅಣ್ಣನ ಲೆಕ್ಕ ಬೇರೆ ಇತ್ತು. "ಅಕ್ಕನ ಹತ್ರ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸ್ಕೊಂಡ್ಬಿಡಾಣ. ಅವ್ಳು ಕೊಟ್ಟ ಮನೇಲಿ ಚೆನ್ನಾಗವ್ಳೆ. ಈ ಮನೆಯೋರು ಅಂದ್ರೆ ನಾವು ಮೂರು ಜನ ತಾನೆ?" ಪತ್ರದ ಕರಡೂ ಬರೆಸಿಟ್ಟಿದ್ದ. ಅಕ್ಕನಿಗೆ ಫೋನ್ ಮಾಡಿ ಒಪ್ಪಿಸೋ ಕೆಲಸ ನನ್ನದು, ಯಾಕಂದ್ರೆ ನನ್ನ ಮಾತು ಅವಳು ತೆಗೆದುಹಾಕಲ್ಲ. ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅಣ್ಣನನ್ನ ಕೆಟ್ಟವನು ಮಾಡಿ ಬರೆಯೋದು ಸುಲಭ. ಹಾಗೆ ಮಾಡಲ್ಲ. ನಾನು ಬೆಂಗಳೂರಲ್ಲಿ ಅಪ್‌ರೈಸಲ್ ಅಂತ ತಲೆ ಕೆಡಿಸ್ಕೊಂಡಿದ್ದಾಗ, ಅಪ್ಪನಿಗೆ ಸ್ನಾನ ಮಾಡಿಸ್ತಿದ್ದವನು ಅವನು. ಬೋರು ಬತ್ತಿದಾಗ ಸಾಲ ಮಾಡಿ ಇನ್ನೊಂದು ಕೊರೆಸಿದವನೂ ಅವನೇ. 11ನೇ ಕಾಲಂನಲ್ಲಿರೋ ಬ್ಯಾಂಕ್ ಸಾಲವನ್ನ ತೀರಿಸ್ತಾ ಇರೋನು ಅವನು. 2004ರಲ್ಲಿ ಅಕ್ಕನ ಮದುವೆಗೆ ಅಂತ ಒಂದು ವರ್ಷದ ಕೊಬ್ಬರಿ ದುಡ್ಡು ಪೂರಾ ಹೋಗಿದ್ದನ್ನ ಅವನು ಮರೆತಿಲ್ಲ. ಇನ್ನೊಂದು ನಿಜ ಹೇಳ್ತೀನಿ. ಅವನು ಹಾಗಂದಾಗ ನಾನು ತಡೆಯಲಿಲ್ಲ. ಮೂರು ಭಾಗಕ್ಕೂ ನಾಲ್ಕು ಭಾಗಕ್ಕೂ ಇರೋ ವ್ಯತ್ಯಾಸದ ಲೆಕ್ಕ ನನ್ನ ತಲೆಯಲ್ಲೂ ಓಡಿತ್ತು. ಬೆಂಗಳೂರಿನ ಫ್ಲಾಟಿನ ಇಎಂಐ ನನಗೂ ಇದೆ.

ಕಾನೂನು ಏನು ಹೇಳುತ್ತೆ ಅನ್ನೋದು ಗೊತ್ತಿಲ್ಲದ ವಿಷಯ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಕರ್ನಾಟಕದಲ್ಲಿ 1994ರಲ್ಲೇ ಅಂಥದ್ದೊಂದು ತಿದ್ದುಪಡಿ ಆಗಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹುಟ್ಟೇ ಆ ಹಕ್ಕಿನ ಮೂಲ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಹೇಳಿತು. ಇದೆಲ್ಲ ಗೊತ್ತಿದ್ದೇ ಬಿಡುಗಡೆ ಪತ್ರ ಅನ್ನೋ ದಾರಿ ಹಿಡಿಯೋದು. ಅವಳೇ ಬಿಟ್ಟುಕೊಟ್ಟರೆ ಯಾರ ತಪ್ಪೂ ಅಲ್ಲವಲ್ಲ.

ಆ ದಿನ ಬಗ್ ನೋಡ್ತಾ ಕೂತಾಗ ನನಗೆ ಹೊಳೆದಿದ್ದು ಕಾನೂನಲ್ಲ. 'ಈ ಮನೇಲಿ ಇರೋರು' ಅಂತ ನಾವು ಸೋಸ್ತಾ ಇದ್ವಿ. ಆದ್ರೆ ಅವಳು ಈ ಮನೇಲಿ ಇಲ್ಲದೇ ಇರೋದು ಯಾಕೆ? ನಾವೇ ತಾನೇ ಧಾರೆ ಎರೆದು ಕಳಿಸಿದ್ದು? ರೇಷನ್ ಕಾರ್ಡಿಂದ ಅವಳ ಹೆಸರು ತೆಗೆಸೋಕೆ ಅಪ್ಪನ ಜೊತೆ ಹೋದವನು ನಾನೇ. ಮೊದಲನೇ ಸಾಲಿನಲ್ಲಿ ನಾವೇ ಅವಳ ವಿಳಾಸ ಬದಲಾಯಿಸಿ, ಎರಡನೇ ಸಾಲಿನಲ್ಲಿ ಹಳೇ ವಿಳಾಸ ಇರೋರು ಯಾರು ಅಂತ ಕೇಳ್ತಾ ಇದ್ವಿ. ಅವಳು ಸಿಗಲಿಲ್ಲ. ಎಲ್ಲೂ ಎರರ್ ಬರಲಿಲ್ಲ. ಕೆಲಸ ಸುಸೂತ್ರ.

ಬಗ್ಗಿಗೆ ಪರಿಹಾರ ಅರ್ಧ ಗಂಟೆಯದ್ದು. ಮೊನೊಕಲ್‌ನಲ್ಲಿ ಗುಣ ನೋಡಿ ಆರಿಸದೆ ಜಾಗ ನೋಡಿ ಆರಿಸೋ ಸಲಕರಣೆ ಇದೆ. ಪಟ್ಟಿಯಲ್ಲಿ ಎಷ್ಟನೆಯವರು, ಯಾವ ಕೀಲಿಯವರು ಅಂತ. ವಿಳಾಸ ಎಷ್ಟೇ ಬದಲಾದರೂ ಸದಸ್ಯನ ಜಾಗ ಬದಲಾಗಲ್ಲ, ಹಾಗಾಗಿ ಕಟ್ಟಳೆ ಮುರಿಯಲ್ಲ. ಬದಲಾವಣೆ ಶುರು ಮಾಡೋ ಮೊದಲೇ ಯಾರ್ಯಾರು ಅಂತ ಒಂದು ಸಲ ಗುರುತು ಹಾಕ್ಕೊಂಡೆ. ಆಮೇಲೆ ಪಿನ್ ಕೋಡು, ಬೀದಿ, ಊರು ಮೂರನ್ನೂ ಸೇರಿಸಿ ಒಂದೇ ಸಲ ಬದಲಾಯಿಸಿದೆ. ತಪ್ಪಾದ ವಿಳಾಸಗಳನ್ನೂ ಸರಿಮಾಡೋಕೆ ಸಾಧ್ಯ ಆಯ್ತು, ಹಳೇ ಆವೃತ್ತಿಗಳು ಹಾಗೇ ಇದ್ವಲ್ಲ. ಆ ಆಪರೇಷನ್ ಮನೆಯವರಿಗೆ ಸಂಜೆಯೊಳಗೆ ಕಾರ್ಡಿನ ಸಾಫ್ಟ್ ಕಾಪಿ ಹೋಯ್ತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಒಪ್ಪಿಸೋ ಮಾತು ಯಾವುದೂ ಆಡಲಿಲ್ಲ. ಅಣ್ಣ ಏನಂದ ಅನ್ನೋದನ್ನ ಹೇಳಿದೆ, ನಾನು ಒಂದು ವಾರ ಸುಮ್ಮನಿದ್ದಿದ್ದನ್ನೂ ಹೇಳಿದೆ. "ಅಕ್ಕಾ, ನಿಂಗೆ ಬೇಕಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಹಿಂದಗಡೆ ಟಿವಿ ಸೀರಿಯಲ್ಲಿನ ಸದ್ದು ಕೇಳ್ತಿತ್ತು. ಅವಳು ಎದ್ದು ಹೊರಗೆ ಬಂದಿರಬೇಕು, ಸದ್ದು ನಿಂತಿತು.

"ಬೇಕು ಕಣೋ" ಅಂದ್ಲು. "ಬೇಡ ಅಂದ್ರೆ ನೀವೆಲ್ಲ ಅಕ್ಕ ಒಳ್ಳೇವ್ಳು ಅಂತೀರ. ನಂಗೊತ್ತು. ಆದ್ರೂ ಬೇಕು. ಇಲ್ಲಿ ಏನಾರ ಮಾತು ಬಂದಾಗ, ನಂಗೂ ಒಂದು ಜಾಗ ಐತೆ ಅಂತ ಮನ್ಸಲ್ಲಾದ್ರೂ ಅಂದ್ಕೋಬೇಕು."

ಹದಿನೆಂಟು ವರ್ಷದಲ್ಲಿ 'ಇಲ್ಲಿ ಏನಾರ ಮಾತು ಬಂದಾಗ' ಅನ್ನೋದನ್ನ ಅವಳು ಹೇಳಿದ್ದು ಅದೇ ಮೊದಲು. ಚೆನ್ನಾಗವ್ಳೆ ಅಂತ ನಾವೇ ತೀರ್ಮಾನ ಮಾಡಿದ್ವಿ.

ಅಣ್ಣನಿಗೆ ಮಾರನೇ ದಿನ ತೋಟದಲ್ಲಿ ಹೇಳಿದೆ. ವಂಶವೃಕ್ಷದಲ್ಲಿ ಇರೋ ನಾಲ್ಕೂ ಹೆಸರಿಗೆ ಜಂಟಿ ಖಾತೆ ಅಂತಲೇ ಅರ್ಜಿ ಕೊಡ್ತೀನಿ ಅಂತ. "ನೀನು ಬೆಂಗ್ಳೂರಲ್ಲಿ ಕೂತ್ಕೊಂಡು ನ್ಯಾಯ ಹೇಳು, ಇಲ್ಲಿ ಗೇಯೋನು ನಾನು" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸಾಲದ ಕಂತಿನಲ್ಲಿ ಅರ್ಧ ನಾನು ಕಟ್ತೀನಿ ಅಂದೆ. ಅದನ್ನ ಮೊದಲೇ ಕಟ್ಟಬೇಕಿತ್ತು. ಅವನು ಏನೂ ಹೇಳದೆ ಮೋಟರ್ ಮನೆ ಕಡೆ ಹೋದ. ಎರಡು ತಿಂಗಳು ನನ್ನ ಜೊತೆ ಊಟದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ತಕರಾರಿಗೆ ಅಂತ ಕೊಡೋ ಕಾಲಾವಕಾಶದಲ್ಲಿ ತಕರಾರೂ ಹಾಕಲಿಲ್ಲ.

ನಾಲ್ಕು ಸರ್ವೆ ನಂಬರಿಗೂ ಖಾತೆ ಆಯ್ತು. ಆನ್‌ಲೈನಿನಲ್ಲಿ ಪಹಣಿ ತೆಗೆದಾಗ 9ನೇ ಕಾಲಂನಲ್ಲಿ ಅಪ್ಪನ ಹೆಸರು ಇರಲಿಲ್ಲ. ಅದಕ್ಕೆ ತಯಾರಾಗಿದ್ದೆ ಅಂದ್ಕೊಂಡಿದ್ದೆ, ಆಗಿರಲಿಲ್ಲ. ಅವ್ವನಿಗೆ ಓದಿ ಹೇಳಿದೆ. "ಬೆಳ್ಳಿಟ್ಟು ತೋರ್ಸು" ಅಂದ್ಲು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ತೋರಿಸಿದೆ. ನಾಲ್ಕು ಪಹಣಿ, ಒಂದೊಂದರಲ್ಲೂ ನಾಲ್ಕು ಹೆಸರು. 10ನೇ ಕಾಲಂನಲ್ಲಿ ಎಂ.ಆರ್. ನಂಬರು. ಅಪ್ಪ ಅಲ್ಲಿದ್ದಾರೆ ಅಂತ ಅವ್ವನಿಗೆ ಹೇಳಿದೆ, ಹಿಂದಕ್ಕೆ ಹೋದ್ರೆ ಸಿಗ್ತಾರೆ.

ಜಮೀನು ಇನ್ನೂ ಭಾಗ ಆಗಿಲ್ಲ. ಗೇಯ್ತಾ ಇರೋನು ಅಣ್ಣನೇ. ಭಾಗ ಆಗೋ ದಿನ ಜಗಳ ಆಗಬಹುದು, ಆಗದೇನೂ ಇರಬಹುದು. ಹೋದ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ತಗೊಂಡು ಹೋಗಿದ್ದು ಅವನೇ, ನಾನಲ್ಲ. ಏನು ಮಾತಾಡ್ಕೊಂಡ್ರೋ ಇಬ್ಬರೂ ನನಗೆ ಹೇಳಿಲ್ಲ.

ಆಫೀಸಿನಲ್ಲಿ ಆ ಫಂಕ್ಷನ್ನಿನ ಹೆಸರು ಬದಲಾಯಿಸಿದೆ. 'ಹೌಸ್‌ಹೋಲ್ಡ್' ತೆಗೆದು, ಅದು ನಿಜವಾಗಿ ಏನು ಮಾಡುತ್ತೋ ಅದನ್ನೇ ಇಟ್ಟೆ. 'ಸದ್ಯಕ್ಕೆ ಅದೇ ಪಿನ್ ಕೋಡಿನಲ್ಲಿ ಇರೋರು'. ಹೆಸರು ಉದ್ದ ಆಯ್ತು ಅಂತ ರಿವ್ಯೂನಲ್ಲಿ ಒಬ್ಬ ಹುಡುಗ ಕಾಮೆಂಟ್ ಹಾಕಿದ. ಇರಲಿ ಬಿಡಪ್ಪಾ ಅಂತ ಬರೆದು ಮರ್ಜ್ ಮಾಡಿದೆ.

ಪಹಣಿಯ ಫೋಟೋ ಅಕ್ಕನಿಗೆ ವಾಟ್ಸ್ಆ್ಯಪ್ ಮಾಡಿದ್ದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಅವಳ ಮಗಳು ಫೋನ್ ಮಾಡಿದ್ಲು. "ಮಾವ, ಅದನ್ನ ಪ್ರಿಂಟ್ ತೆಗೆಸಬೇಕಂತೆ. ಲ್ಯಾಮಿನೇಷನ್ ಮಾಡಿಸಿದ್ರೆ ತೊಂದ್ರೆ ಇಲ್ವಾ ಅಂತ ಅಮ್ಮ ಕೇಳ್ತಿದೆ."